ಕಾವಿಗೆ ಕೂತ ಹೇಂಟೆ

ದೇವರಾಯನದುರ್ಗದ ತಪ್ಪಲಿನ ಹಳ್ಳಿಗಳಲ್ಲಿ ಹೇಂಟೆ ಕಾವಿಗೆ ಕೂತರೆ ಕಾವು ಬಿಡಿಸೋಕೆ ಮನೆಗೊಂದು ಸಲಹೆ. ನೀರಲ್ಲಿ ಅದ್ದಿ ಅಂತ ಒಬ್ಬರು, ಮೂಗಿಗೆ ಪುಕ್ಕ ಚುಚ್ಚಿ ಅಂತ ಇನ್ನೊಬ್ಬರು. ಪುಕ್ಕದ ಮಾತೇ ಬೇಡ, ಶುದ್ಧ ಹಿಂಸೆ. ಮೊಟ್ಟೆ ತೆಗೆದು, ತಳದಿಂದ ಗಾಳಿಯಾಡುವ ತಂತಿ ಪಂಜರದಲ್ಲಿ ನಾಲ್ಕು ದಿನ ಕಾಳು-ನೀರು ಕೊಟ್ಟು ಬಿಟ್ಟರೆ ಹೊಟ್ಟೆಯಡಿಯ ಬಿಸಿ ಇಳಿದು ತಾನೇ ಎದ್ದು ಕೆದಕೋಕೆ ಹೋಗುತ್ತೆ.

ನನ್ನ ಕೇಳಿದರೆ ಅದೂ ಬೇಡ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿ ಮೊಟ್ಟೆ ಚೆನ್ನಾಗಿಡುತ್ತೆ, ಕಾವಿಗೆ ಕೂರೋಕೆ ಮಾತ್ರ ಒಲ್ಲದು. ಅದರ ಮೊಟ್ಟೆಗಳನ್ನ ಕಾವಿಗೆ ಕೂತ ನಾಟಿ ಹೇಂಟೆಗೇ ಇಡಿ. ಮೊಟ್ಟೆ ದಪ್ಪ, ಎಂಟು-ಹತ್ತು ಸಾಕು. ಮಂಕರಿ, ಒಣಹುಲ್ಲು, 21 ದಿನ. ರಾತ್ರಿ ಮಂಕರಿ ಮನೆಯೊಳಗಿರಲಿ. ದುರ್ಗದ ಕಾಡುಬೆಕ್ಕು ಹೇಳಿಕೇಳಿ ಬರಲ್ಲ.