ಚಳಿ ಒಬ್ಬರದು, ಬಾಯ್ಲರ್ ಇನ್ನೊಬ್ಬರದು

ಕಿಟಕಿ

ಜನವರಿ. ಬಾಸ್ಟನ್ ಪಕ್ಕದ ಸಾಮರ್‌ವಿಲ್‌ನ ನಮ್ಮ ಬೀದಿಯಲ್ಲಿ ಹಿಮ ಕಲ್ಲಾಗಿದೆ. ಎದುರು ಮನೆಯ ಮೂರನೇ ಮಹಡಿಯ ಕಿಟಕಿ ಮಾತ್ರ ಒಂದು ಗೇಣು ತೆರೆದಿದೆ. ನಮ್ಮದೂ ಅಷ್ಟೇ. ನೆಲಮಹಡಿಯಲ್ಲಿ ಓನರ್ ಅಜ್ಜಿ ಸ್ವೆಟರ್ ಮೇಲೆ ಶಾಲು ಹೊದ್ದಿರುತ್ತಾರೆ, ಮೇಲೆ ನಾವು ಬನಿಯನ್ನಿನಲ್ಲಿ ಓಡಾಡುತ್ತೇವೆ. ನಮ್ಮ ಕಟ್ಟಡದ ಮೂರೂ ಮನೆಗಳಿಗೆ ಇರುವುದು ಒಂದೇ ಬಾಯ್ಲರ್. ಶಾಖದ ಖರ್ಚು ಬಾಡಿಗೆಯಲ್ಲೇ ಸೇರಿರುವುದರಿಂದ ಕಿಟಕಿ ಮುಚ್ಚುವ ಅವಸರ ಯಾರಿಗೂ ಇಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಥರ್ಮೋಸ್ಟಾಟ್ ಇರುವುದು ಅಜ್ಜಿಯ ಹಜಾರದಲ್ಲಿ. ಅಲ್ಲಿ ಚಳಿ ಎಂದರೆ ಬಾಯ್ಲರ್ ಉರಿಯುತ್ತಲೇ ಇರುತ್ತದೆ, ಮೇಲೆ ನಾವು ಬೇಯುತ್ತೇವೆ. ಸೆಕೆ ತಾಳದೆ ನಾವು ಕಿಟಕಿ ತೆಗೆದರೆ ಬಿಸಿಗಾಳಿ ಹೊರಟುಹೋಗಿ, ಅದರ ಜಾಗ ತುಂಬಲು ಕೆಳಗಿನ ಬಿರುಕುಗಳಿಂದ ತಣ್ಣನೆ ಗಾಳಿ ಅಜ್ಜಿಯ ಮನೆಗೇ ನುಗ್ಗುತ್ತದೆ. ಅಂದರೆ ಅವರ ಚಳಿಗೆ ನಮ್ಮ ಕಿಟಕಿಯೂ ಒಂದು ಕಾರಣ. ಈ ಸರಪಳಿಯನ್ನು ಎಲ್ಲಿ ತುಂಡು ಮಾಡಬೇಕೋ ತಿಳಿಯದು.

ಮನೆ

ಇಂಥ ಕಟ್ಟಡಕ್ಕೆ ಟ್ರಿಪಲ್ ಡೆಕ್ಕರ್ ಎನ್ನುತ್ತಾರೆ. ಒಂದರ ಮೇಲೊಂದು ಮೂರು ಮನೆ, ಮರದ ಕಟ್ಟಡ, ಮುಂದೆ ಮೂರು ಜಗಲಿ. ಬಾಸ್ಟನ್, ವೂಸ್ಟರ್ ಸುತ್ತಮುತ್ತ 1880ರಿಂದ 1930ರವರೆಗೆ ಸಾವಿರಗಟ್ಟಲೆ ಎದ್ದವು. ಕಾರ್ಖಾನೆ ಕೆಲಸಕ್ಕೆ ಬಂದ ವಲಸೆ ಕುಟುಂಬ ಒಂದು ಮಹಡಿಯಲ್ಲಿದ್ದು, ಉಳಿದೆರಡರ ಬಾಡಿಗೆಯಲ್ಲಿ ಬ್ಯಾಂಕಿನ ಸಾಲ ತೀರಿಸುತ್ತಿತ್ತು. ಇಂದಿಗೂ ಇಂಥ ಓನರ್‌ಗಳಿದ್ದಾರೆ. ದೊಡ್ಡ ಕಟ್ಟಡಕ್ಕಿರುವಂತೆ ಇವರಿಗೆ ಎಂಜಿನಿಯರ್ ಇಲ್ಲ, ಸಂಘವಿಲ್ಲ. ಇರುವುದು ಪರಿಚಯದ ಪ್ಲಂಬರ್ ಒಬ್ಬರೇ.

ಹಬೆ

ನೆಲಮಾಳಿಗೆಗೆ ಇಳಿದು ನೋಡಿದೆ. ಬಾಯ್ಲರ್ ಪಕ್ಕದ ಗಾಜಿನ ಕೊಳವೆಯಲ್ಲಿ ತುಕ್ಕುಬಣ್ಣದ ನೀರು ಮೇಲೆ ಕೆಳಗೆ ತುಳುಕುತ್ತಿದೆ. ಸ್ವಲ್ಪ ಹೊತ್ತಿಗೆ ಪೈಪು ಒಂದೊಂದೇ ಮೊಳ ಬಿಸಿಯಾಗುತ್ತ ಬಂತು. ಮೇಲೆ ಹೋಗಿ ಕೂತರೆ ರೇಡಿಯೇಟರಿನ ತುದಿಯ ಪುಟ್ಟ ಗಾಳಿಕಿಂಡಿ ಬುಸ್ಸೆಂದು ಉಸಿರು ಬಿಟ್ಟು, ಹಬೆ ತಾಗಿದೊಡನೆ ಟಕ್ಕೆಂದು ಮುಚ್ಚಿಕೊಂಡಿತು.

ಯಾವ ಪಂಪೂ ಇಲ್ಲ, ಫ್ಯಾನೂ ಇಲ್ಲ. ಒಂದು ಕಿಲೋ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ತರಲು ಬೇಕಾದ ಶಾಖದ ಐದು ಪಟ್ಟಿಗೂ ಮಿಗಿಲು ಅದನ್ನು ಹಬೆಯಾಗಿಸಲು ಬೇಕು. ತಣ್ಣನೆ ಕಬ್ಬಿಣ ತಾಗಿ ಹಬೆ ಮತ್ತೆ ನೀರಾದಾಗ, ಇಡ್ಲಿ ಪಾತ್ರೆಯ ಮುಚ್ಚಳದೊಳಗೆ ಹನಿಗಟ್ಟುವಂತೆ, ಆ ಶಾಖವೆಲ್ಲ ಕೋಣೆಗೆ ಬರುತ್ತದೆ. ನೀರು ಅದೇ ಪೈಪಿನಲ್ಲಿ ಇಳಿದುಹೋಗುತ್ತದೆ. ಮೇಲೆ ಹೋಗುವುದಕ್ಕೂ ಕೆಳಗೆ ಬರುವುದಕ್ಕೂ ಒಂದೇ ದಾರಿ. ಅದಕ್ಕೇ ಇಲ್ಲಿ ವಾಲ್ವನ್ನು ಅರ್ಧ ತಿರುಗಿಸಿ ಶಾಖ ತಗ್ಗಿಸುವಂತಿಲ್ಲ. ಪೂರ್ತಿ ತೆರೆಯಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಅರ್ಧಕ್ಕೆ ನಿಲ್ಲಿಸಿದರೆ ನೀರು ಸಿಕ್ಕಿಕೊಂಡು, ರಾತ್ರಿಯಿಡೀ ಯಾರೋ ಸುತ್ತಿಗೆಯಲ್ಲಿ ಬಡಿದ ಸದ್ದು.

ಅಳತೆ

ಪ್ಲಂಬರ್ ಹೇಳಿದ ಒಂದು ಮಾತು ತಲೆ ಕೆಡಿಸಿತು. ಗೋಡೆಗೆಲ್ಲ ಇನ್ಸುಲೇಶನ್ ತುಂಬಿಸಿ ಮನೆಯನ್ನು ಬೆಚ್ಚಗೆ ಮಾಡಿದರೂ ಹಬೆಯ ಬಾಯ್ಲರನ್ನು ಚಿಕ್ಕದು ಮಾಡಲಾಗದಂತೆ. ಹಬೆ ವ್ಯವಸ್ಥೆಯಲ್ಲಿ ಲೆಕ್ಕ ಹಾಕುವುದು ರೇಡಿಯೇಟರುಗಳ ಮೈ ಎಷ್ಟಿದೆ ಎಂದು, ಮನೆಯಿಂದ ಶಾಖ ಎಷ್ಟು ಸೋರುತ್ತದೆ ಎಂದಲ್ಲ. ಅಷ್ಟೂ ಕಬ್ಬಿಣವನ್ನು ತುಂಬುವಷ್ಟು ಹಬೆ ಹುಟ್ಟದಿದ್ದರೆ ಕೊನೆಯ ಕೋಣೆ ತಣ್ಣಗೇ ಉಳಿಯುತ್ತದೆ. ಮನೆ ಬೆಚ್ಚಗಾದರೆ ಬಾಯ್ಲರ್ ಉರಿಯುವ ಹೊತ್ತು ಕಡಿಮೆಯಾಗುತ್ತದೆ, ಅಷ್ಟೇ. ಕಲ್ಲಿದ್ದಲು ಉರಿಸುತ್ತಿದ್ದ ಕಾಲದವರು ಇಟ್ಟುಹೋದ ರೇಡಿಯೇಟರುಗಳು ಇವತ್ತಿನ ಬಾಯ್ಲರಿನ ಗಾತ್ರವನ್ನು ನಿರ್ಧರಿಸುತ್ತಿವೆ.

ಕಾನೂನು

ಮ್ಯಾಸಚೂಸೆಟ್ಸ್ ರಾಜ್ಯದ ನೈರ್ಮಲ್ಯ ಸಂಹಿತೆಯ ಪ್ರಕಾರ ಸೆಪ್ಟೆಂಬರ್ 15ರಿಂದ ಮೇ 31ರವರೆಗೆ ಬಾಡಿಗೆ ಮನೆ ಬೆಚ್ಚಗಿರಲೇಬೇಕು: ಬೆಳಗ್ಗೆ 7ರಿಂದ ರಾತ್ರಿ 11ರವರೆಗೆ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್ (20 ಸೆಲ್ಸಿಯಸ್), ಉಳಿದ ಹೊತ್ತು 64. ಒಳ್ಳೆಯ ಕಾನೂನೇ. ಆದರೆ ಇದರಿಂದ ಒಂದು ವಿಚಿತ್ರ ಹುಟ್ಟಿದೆ. ಬಾಯ್ಲರ್ ಸಾಯುವುದು ಅದಕ್ಕೆ ಹೆಚ್ಚು ಕೆಲಸವಿರುವಾಗ, ಅಂದರೆ ಕಡುಚಳಿಯಲ್ಲಿ. ಆಗ ಓನರ್‌ಗೆ ಯೋಚಿಸಲು ವ್ಯವಧಾನವೆಲ್ಲಿ? ಪ್ಲಂಬರ್ ಹಳೆಯದರ ಮೇಲಿನ ತಗಡಿನ ಬರಹ ಓದಿ ಅಂಥದೇ ಇನ್ನೊಂದನ್ನು ತಂದು ಕೂರಿಸುತ್ತಾರೆ. ಅಲ್ಲಿಗೆ ಇನ್ನು ಇಪ್ಪತ್ತು ಮೂವತ್ತು ವರ್ಷದ ಮಾತು ಮುಗಿಯಿತು. ಬೇಸಿಗೆಯಲ್ಲಿ ಕೇಳಿದರೆ, “ಓಡ್ತಾ ಇದೆಯಲ್ಲ, ಬಿಡಿ” ಎನ್ನುತ್ತಾರೆ ಅಜ್ಜಿ.

ಮೀಟರ್

ಪಕ್ಕದ ಮನೆಯಲ್ಲಿ ಹೀಟ್ ಪಂಪ್ ಬಂದಿದೆ. ಮಹಡಿಗೊಂದರಂತೆ ಹೊರಗೆ ಮೂರು ಪೆಟ್ಟಿಗೆ. ಹೊರಗಿನ ತಣ್ಣನೆ ಗಾಳಿಯಿಂದಲೇ ಶಾಖ ಎತ್ತಿ ಒಳಗೆ ತರುತ್ತದೆ, ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ ಮೂರು ಯೂನಿಟ್ ಶಾಖ. ಬೇಸಿಗೆಗೆ ಅದೇ ಏಸಿ. ಎಲ್ಲ ಸರಿ. ಆದರೂ ಅಲ್ಲಿನ ಬಾಡಿಗೆದಾರರ ಮುಖ ಯಾಕೆ ಸಪ್ಪೆ?

ಅವರದು ಮೊದಲು ಗ್ಯಾಸ್ ಬಾಯ್ಲರ್, ಬಿಲ್ಲು ಓನರ್‌ದು. ಈಗ ಪ್ರತಿ ಪೆಟ್ಟಿಗೆಯ ತಂತಿಯೂ ಆಯಾ ಮನೆಯ ಮೀಟರಿಗೆ ಸೇರಿದೆ. ಹೊಸ ಕರಾರುಪತ್ರದಲ್ಲಿ ಹಾಗೆ ಬರೆಸಿಕೊಂಡರೆ ಕಾನೂನಿನ ಅಡ್ಡಿಯಿಲ್ಲ. ಕಾಗದದ ಮೇಲೆ ಲೆಕ್ಕ ಮಾಡಿದೆ: ಬಾಯ್ಲರ್ ಶೇ. 80ರಷ್ಟು ಶಾಖ ಕೊಡುತ್ತದೆ, ಪಂಪ್ 2.8 ಪಟ್ಟು ಕೊಡುತ್ತದೆ ಎಂದುಕೊಂಡರೆ, ಒಂದು ಯೂನಿಟ್ ವಿದ್ಯುತ್ತಿನ ಬೆಲೆ ಅಷ್ಟೇ ಶಕ್ತಿಯ ಗ್ಯಾಸಿನ ಮೂರೂವರೆ ಪಟ್ಟು ದಾಟಿದೊಡನೆ ಪಂಪೇ ದುಬಾರಿ. ಇಲ್ಲಿನ ಸಾಮಾನ್ಯ ವಿದ್ಯುತ್ ದರ ಆ ಗೆರೆಯ ಆಸುಪಾಸಿನಲ್ಲೇ ಇರುತ್ತದೆ, ಕೆಲವೊಮ್ಮೆ ದಾಟುತ್ತದೆ. ಎಣ್ಣೆ ಸುಡುವ ನಮ್ಮಂಥ ಮನೆಯಲ್ಲಾದರೆ ಲೆಕ್ಕ ಹೆಚ್ಚುಕಡಿಮೆ ಸಮ. ಹೊಗೆ ಕಡಿಮೆಯಾಯಿತು, ನಿಜ. ಆದರೆ ಬಾಡಿಗೆ ಇಳಿಯದೆ ಬಿಲ್ಲು ಮಾತ್ರ ಕೈ ಬದಲಾಯಿಸಿದರೆ ಅದು ಬಾಡಿಗೆ ಏರಿದಂತೆಯೇ.

ಬಿಲ್ಲಿನ ಒಂದು ಸಾಲು

ನನ್ನ ಕರೆಂಟ್ ಬಿಲ್ಲಿನಲ್ಲಿ ಇಂಧನ ದಕ್ಷತೆಗೆಂದು ಒಂದು ಬಾಬ್ತಿದೆ. ‘ಮಾಸ್ ಸೇವ್’ ಯೋಜನೆ ನಡೆಯುವುದು ಇಂಥ ಹಣದಿಂದ. ಹೀಟ್ ಪಂಪಿಗೆ ರಿಯಾಯಿತಿ, ಬಡ್ಡಿಯಿಲ್ಲದ ಸಾಲ ಎಲ್ಲ ಅಲ್ಲಿಂದಲೇ. ಬಾಡಿಗೆದಾರ ತಿಂಗಳು ತಿಂಗಳು ಕಟ್ಟುತ್ತಾನೆ, ಯಂತ್ರದ ರಿಯಾಯಿತಿ ಮಾತ್ರ ಯಂತ್ರದ ಒಡೆಯರಿಗೆ.

ಮ್ಯೂನಿಕ್‌ನಿಂದ ಫೋನ್

ಗೆಳೆಯ ಹೇಳಿದ: ಜರ್ಮನಿಯಲ್ಲಿ ಇಂಧನದ ಮೇಲಿನ ಇಂಗಾಲದ ಶುಲ್ಕವನ್ನು 2023ರಿಂದ ಓನರ್ ಮತ್ತು ಬಾಡಿಗೆದಾರ ಹಂಚಿಕೊಳ್ಳಬೇಕು. ಹತ್ತು ಮೆಟ್ಟಿಲಿನ ಪಟ್ಟಿಯಿದೆ. ಶಾಖ ಸೋರುವ ಹಳೇ ಮನೆಯಾದರೆ ಓನರ್ ಪಾಲು ಶೇ. 95ರವರೆಗೆ ಹೋಗುತ್ತದೆ, ಚೆನ್ನಾಗಿ ಕಟ್ಟಿದ ಮನೆಯಾದರೆ ಅವರಿಗೆ ಏನೂ ಇಲ್ಲ. ಭೇಷ್ ಎಂದೆ. “ಶುಲ್ಕ ಮಾತ್ರ ಮಾರಾಯ, ಗ್ಯಾಸಿನ ದುಡ್ಡು ಪೂರ್ತಿ ನಾನೇ ಕಟ್ಟೋದು” ಎಂದ.

ಗೋಡೆ

ಇಷ್ಟೆಲ್ಲ ಗೀಚಿಕೊಂಡ ಮೇಲೆ ಒಂದು ಸಂಗತಿ ಹೊಳೆಯುತ್ತಿದೆ. ಇಲ್ಲಿ ಮುಖ್ಯವಾಗುವುದು ಕೆಲಸದ ಸರದಿ. ಎಣ್ಣೆಯ ಖರ್ಚು ಅಜ್ಜಿಯದಾಗಿರುವವರೆಗೆ ಗೋಡೆ ಬೆಚ್ಚಗಾದರೆ ಲಾಭವೂ ಅವರದೇ. ಮೀಟರ್ ಬೇರೆಯಾದ ಮರುದಿನದಿಂದ ಉಳಿತಾಯ ನಮ್ಮದು, ಗೋಡೆ ಅವರದು. ಆಮೇಲೆ ಆ ಗೋಡೆಗೆ ದುಡ್ಡು ಹಾಕುವವರು ಯಾರು? ಆದ್ದರಿಂದ ಗೋಡೆ ಮೊದಲು, ಪಂಪ್ ಆಮೇಲೆ. ಪಂಪಿಗೆ ಹಳೇ ರೇಡಿಯೇಟರುಗಳ ಹಂಗಿಲ್ಲ. ಬೆಚ್ಚನೆ ಮನೆಗೆ ಚಿಕ್ಕದೇ ಸಾಕು, ಬಿಲ್ಲೂ ಹಗುರ.

ಅಜ್ಜಿಗೆ ಹೇಳಿದೆ. ಈ ಮನೆಗಳ ಗೋಡೆ ಒಳಗೆ ಟೊಳ್ಳು. ಹೊರಗಿನಿಂದ ತೂತು ಕೊರೆದು, ಹಳೇ ಪತ್ರಿಕೆಗಳನ್ನು ಅರೆದು ಮಾಡಿದ ಹತ್ತಿಯಂಥ ಪುಡಿಯನ್ನು ಊದಿ ತುಂಬುತ್ತಾರೆ. ಒಳಗೆ ಪಿಂಗಾಣಿ ಗುಬುಟಿನ ಹಳೇ ವೈರಿಂಗ್ ಇದ್ದರೆ ಮೊದಲು ಅದನ್ನು ತೆಗೆಸಬೇಕು. ಅಜ್ಜಿ ಕೇಳಿಸಿಕೊಂಡು, “ಎಣ್ಣೆ ಎಷ್ಟು ಉಳಿಯುತ್ತೆ?” ಎಂದರು. ಮನೆ ನೋಡಿ ಹೇಳುವವರನ್ನು ಜೂನ್‌ನಲ್ಲಿ ಕರೆಸೋಣ, ಆ ತಪಾಸಣೆ ಪುಕ್ಕಟೆ ಎಂದೆ. ಪುಕ್ಕಟೆ ಎಂದದ್ದಕ್ಕೆ ಒಪ್ಪಿಬಿಟ್ಟರು.

ಗೋಡೆ ಬೆಚ್ಚಗಾದ ಮೇಲೆ ಬಾಡಿಗೆ ಏರುತ್ತದೆಯೇ? ಅದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.