ಟೇಪು ಹಿಡಿದು ಕಾರಿನೊಳಗೆ

ಹಳೇ ಕಾರಿನ ಹುಚ್ಚಿರುವವರು ಸಾಮಾನ್ಯವಾಗಿ ಹೊರಗಿನ ಹೊಳಪಿಗೆ ಮರುಳಾಗುತ್ತಾರೆ; ನನಗೋ ಒಳಗೆ ಕೂರುವ ಚಪಲ. ವಸಂತನರಸಾಪುರದ ಕಾರ್ಖಾನೆಗಳ ಆಚೆ ಗೆಳೆಯನ ಶೆಡ್ಡಿದೆ. ಅಲ್ಲಿ ಅರವತ್ತರ ದಶಕದ ಅಂಬಾಸಿಡರ್ ಮಾರ್ಕ್ ಟೂ, ಎಂಬತ್ತರ ಮಾರ್ಕ್ ಫೋರ್, ತೊಂಬತ್ತರ ಇಸುಜು ಎಂಜಿನ್ನಿನ 1800, ಮೂರೂ ಒಂದರ ಪಕ್ಕ ಒಂದು ನಿಂತಿವೆ. ಟೇಪು ಹಿಡಿದು ಒಳಗೆ ತೂರಿದರೆ ಭಾನುವಾರ ಮುಗಿದದ್ದೇ ತಿಳಿಯದು.

ಇದೇನು ಅಳೆಯುವ ವಸ್ತುವೇ ಎನ್ನಬಹುದು. ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಈ ಬಾಡಿ, 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಲ್ಲುವತನಕ ಹೆಚ್ಚುಕಡಿಮೆ ಹಾಗೇ ಇತ್ತು. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ನಡುವೆ 2464 ಮಿ.ಮೀ. ಮಾರುತಿಯಾದರೋ 1986ರಲ್ಲಿ ಬಾಡಿ ಬದಲಿಸಿ, ಇದೇ ಅಂತರವನ್ನು 2150ರಿಂದ 2175ಕ್ಕೆ ಏರಿಸಿತು. ಒಂದು ಇಂಚು!

ಆದರೂ ಈ ಮೂರು ಅಂಬಾಸಿಡರುಗಳು ತಾಳೆಯಾಗವು. ಸೀಟಿನಿಂದ ಟಾಪಿಗೆ ಟೇಪು ಇಟ್ಟರೆ ಒಂದೊಂದರಲ್ಲಿ ಒಂದೊಂದು ಲೆಕ್ಕ. ಕಾರಣ ಸೀಟು ಕೆಲಸದವರು. ಸ್ಪ್ರಿಂಗಿನ ಮೇಲಿದ್ದ ನಾರು ಕುಸಿದಾಗೆಲ್ಲ ಒಬ್ಬರು ದಪ್ಪ ಫೋಮು ತುಂಬಿದರು, ಇನ್ನೊಬ್ಬರು ಹಳೇ ರೆಕ್ಸಿನ್ ತೆಗೆಯದೆ ಮೇಲೊಂದು ಹೊದಿಸಿದರು. ಪೇಟ ಕಟ್ಟಿ ನೆಟ್ಟಗೆ ಕೂರುತ್ತಿದ್ದ ಯಜಮಾನರ ಜಾಗವನ್ನು ತಿಂದದ್ದು ಕಂಪನಿಯಲ್ಲ, ಫೋಮು. ಆದ್ದರಿಂದ ಸೀಟು ಕಿತ್ತು, ನೆಲದ ತಗಡಿನಿಂದ ಮೇಲಿನ ತಗಡಿಗೇ ಅಳೆಯಬೇಕು.

ಅಗಲದ ಕತೆ ಬೇರೆ. ಹಳೆಯವುಗಳಲ್ಲಿ ಗೇರು ಸ್ಟೇರಿಂಗಿನ ಬುಡದಲ್ಲಿ, ಮುಂದೆ ಬೆಂಚಿನಂಥ ಒಂದೇ ಸೀಟು. ಡ್ರೈವರನ ಪಕ್ಕ ಇಬ್ಬರು, ಅವರ ತೊಡೆಯ ಮೇಲೆ ಮಕ್ಕಳು. 1800ರಲ್ಲಿ ಗೇರು ನೆಲಕ್ಕಿಳಿಯಿತು, ಸೀಟು ಎರಡಾಯಿತು. ಬಾಗಿಲಿನಿಂದ ಬಾಗಿಲಿಗೆ ಅಳತೆ ಅಷ್ಟೇ; ಒಬ್ಬರು ಮಾತ್ರ ಕಡಿಮೆ. ಆರಾಮವೆಂದು ಹೊಗಳಿದರು. ನಡುವೆ ಕೂರುತ್ತಿದ್ದ ಚಿಕ್ಕಪ್ಪನನ್ನು ಯಾರೂ ಕೇಳಲಿಲ್ಲ.

ಅಳತೆಯಂತೆ ವಯಸ್ಸಿಗೂ ಒಂದು ಲೆಕ್ಕವಿದೆ: 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಮಾನ್ಯತೆ, ‘ವಿಎ’ ಅಕ್ಷರದ ನಂಬರು ಸಿಗುತ್ತದೆ. ಆದರೆ ದಿನನಿತ್ಯದ ಓಡಾಟಕ್ಕೆ ತೆಗೆಯುವಂತಿಲ್ಲ. ಮಾರ್ಕ್ ಟೂಗೆ ಅರ್ಜಿ ಹಾಕೆಂದರೆ ಗೆಳೆಯ ಗುರ್ರೆಂದ:

“ಹಾಕ್ಬಿಟ್ರೆ ಶನಿವಾರ ಶನಿವಾರ ನಮ್ಮತ್ತೇರ್ನ ಸೀಬಿ ನರಸಿಂಹಸ್ವಾಮಿಗೆ ಕರ್ಕೊಂಡೋಗೋದು ಯಾರ್ಲಾ, ನೀನಾ?”