ಚಳಿಗೆ ಬಾಗಿಲು ಮುಚ್ಚುವ ಮುನ್ನ

ಸೊಲ್ಲಾಪುರ, ಜತ್ತ ಕಡೆಯ ನಮ್ಮ ಬಂಧುಗಳು ಬೇಸಿಗೆಯಲ್ಲಿ ಊಟಿಗೆ ಬಂದರೆ, "ನೀವು ಪುಣ್ಯವಂತರು, ವರ್ಷವಿಡೀ ತಂಪಿನಲ್ಲಿರುತ್ತೀರಿ" ಎನ್ನುತ್ತಾರೆ. ಪುಷ್ಯ ಮಾಸದಲ್ಲಿ ಬಂದವರು ಮಾತ್ರ ಹಾಗೆನ್ನುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು ೨,೨೪೦ ಮೀಟರ್ ಎತ್ತರದ ಈ ಊರಿನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಮೋಡವಿಲ್ಲದ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿಯುವುದುಂಟು. ತಲೈಕುಂದಾದ ಹುಲ್ಲುಗಾವಲು ಬೆಳಗಿನಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ನೋಡಲು ಬಂದವರಿಗೆ ಅದು ಸೊಗಸು. ಅಂಗಡಿ, ಸಂಸಾರ ಎರಡನ್ನೂ ನಡೆಸುವ ನಮಗೆ ಅದು ಕೆಲಸ.

ಮೊದಲು ಮುನಿಯುವುದು ನೀರು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ ಒಂಬತ್ತರಷ್ಟು ಹಿಗ್ಗುತ್ತದೆ. ಆದ್ದರಿಂದಲೇ ಹೊರಗೋಡೆಯ ಕೊಳವೆ ಒಡೆಯುವುದು, ಮಾಳಿಗೆಯ ಮೇಲಿನ ಸೌರ ಹೀಟರಿನ ತಾಮ್ರದ ನಳಿಕೆ ಬಿರಿಯುವುದು. ಬಯಲಿನಲ್ಲಿರುವ ಕೊಳವೆಗೆ ನಾವು ಹಳೆಯ ಗೋಣಿಚೀಲ ಸುತ್ತಿ ಹುರಿಯಿಂದ ಕಟ್ಟುತ್ತೇವೆ. ತೀರ ಚಳಿಯ ರಾತ್ರಿ ಒಂದು ನಲ್ಲಿಯನ್ನು ತೊಟ್ಟಿಕ್ಕುವಷ್ಟು ಬಿಟ್ಟು, ಕೆಳಗೆ ಬಕೆಟ್ ಇಡುತ್ತೇವೆ; ನೀರೂ ದಂಡವಾಗುವುದಿಲ್ಲ. ಕಟ್ಟಿಕೊಂಡ ಕೊಳವೆಗೆ ಬೆಂಕಿ ಹಿಡಿಯಬಾರದು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿದರೆ ಸಾಕು, ತಾನೇ ಬಿಡುತ್ತದೆ.

ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಕಲ್ಲಾಗುತ್ತದೆ. ಅದು ೨೪ ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುವ ಎಣ್ಣೆ, ಕೆಟ್ಟಿತೆಂದು ಚೆಲ್ಲಬೇಕಾಗಿಲ್ಲ. ಗ್ಯಾಸಿನ ಉರಿ ಸಣ್ಣಗಾಗುವುದೂ ಚಳಿಯಿಂದಲೇ. ಸಿಲಿಂಡರಿನೊಳಗಿನ ದ್ರವ ತಣ್ಣಗಾದಷ್ಟೂ ಆವಿಯ ಒತ್ತಡ ಕಡಿಮೆ. ಕೆಲವರು ಸಿಲಿಂಡರನ್ನು ಬಿಸಿನೀರಿನಲ್ಲಿ ನಿಲ್ಲಿಸುತ್ತಾರೆ, ಒಲೆಯ ಪಕ್ಕಕ್ಕೆ ಎಳೆಯುತ್ತಾರೆ. ಅದು ಅಪಾಯ. ತುಸು ತಡವಾದರೂ ಸಣ್ಣ ಉರಿಯಲ್ಲೇ ಬೇಯಲಿ.

ಇನ್ನು ಗಾಡಿಯ ಮಾತು. ಬಂಡೀಪುರದ ಕಾಡುದಾರಿಯಲ್ಲಿ ೨೦೦೯ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿದೆ. ಸರಕಿಗಾಗಿ ಮೈಸೂರಿಗೆ ಹೋಗುವವರು ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕೆಂದು ನಸುಕಿನ ನಾಲ್ಕಕ್ಕೇ ಹೊರಡುತ್ತಾರೆ. ಚಳಿ ಕಡಿದು ತಿನ್ನುವ ವೇಳೆಯೂ ಅದೇ. ಬ್ಯಾಟರಿಯ ಶಕ್ತಿ ಕುಗ್ಗಿರುತ್ತದೆ, ಎಂಜಿನ್ನಿನ ಎಣ್ಣೆ ಮಂದವಾಗಿರುತ್ತದೆ. ಎರಡೂ ಸೇರಿ ಗಾಡಿ ಹಟ ಹಿಡಿಯುತ್ತದೆ. ದೀಪ, ಫ್ಯಾನುಗಳನ್ನು ಆರಿಸಿ, ಕ್ಲಚ್ ಒತ್ತಿ, ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ಕೀಲಿ ತಿರುಗಿಸದೆ, ನಡುವೆ ಒಂದು ನಿಮಿಷ ಬಿಟ್ಟು ನೋಡಬೇಕು. ಡೀಸೆಲ್ ಗಾಡಿಯಾದರೆ ಸುರುಳಿಯ ಗುರುತಿನ ದೀಪ ಆರುವವರೆಗೆ ಕಾಯಬೇಕು. ರೇಡಿಯೇಟರಿಗೆ ಬರೀ ನೀರು ಹಾಕಬಾರದು, ಕೂಲಂಟ್ ಬೆರೆತಿರಬೇಕು. ಮುಂದಿನ ಗಾಜಿನ ಮೇಲೆ ಹಿಮ ಕೂತಿದ್ದರೆ ಬಿಸಿನೀರು ಸುರಿಯಬಾರದು, ಗಾಜು ಸೀಳುತ್ತದೆ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಟೈರಿನ ಗಾಳಿ ಸುಮಾರು ಒಂದು ಪೌಂಡ್ ಇಳಿಯುತ್ತದೆ. ಘಾಟಿ ಇಳಿಯುವ ಮೊದಲು ಅದನ್ನೂ ನೋಡಿಕೊಳ್ಳಬೇಕು.

ಇವೆಲ್ಲ ಹಣಕ್ಕೆ, ಹೊತ್ತಿಗೆ ಬರುವ ಕಷ್ಟ. ಜೀವಕ್ಕೆ ಬರುವ ಕಷ್ಟ ಬೇರೆಯೇ ಇದೆ.

ಒಂದು ಜನವರಿಯಲ್ಲಿ ವಯನಾಡಿನಿಂದ ನನ್ನ ತಂಗಿಯ ಮನೆಯವರು ಬಂದಿದ್ದರು. ಅವಳ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವರು. ಆಮೇಲೆ ಬಿಸಿ ಕಷಾಯವೂ ಇಲ್ಲ. ಆ ದಿನಗಳಲ್ಲಿ ಇಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ರಾತ್ರಿ ಬಲು ಉದ್ದ. ಅಜ್ಜಿ ನಡುಗುವುದನ್ನು ನೋಡಲಾರದೆ ತಂಗಿಯ ಮಗ ಬಾಣಲೆಯಲ್ಲಿ ಇದ್ದಿಲ ಕೆಂಡ ತುಂಬಿ ಕೋಣೆಯಲ್ಲಿಟ್ಟ. ಗಾಳಿ ಬಾರದಂತೆ ಬಾಗಿಲ ಸಂದಿಗೆ ಗೋಣಿಯನ್ನೂ ತುರುಕಿದ. ಪ್ರೀತಿಯಿಂದ ಮಾಡಿದ ಕೆಲಸವೇ.

ಹತ್ತು ಗಂಟೆಗೆ ನಮ್ಮ ತಾಯಿಯವರು ಇನ್ನೊಂದು ಕಂಬಳಿ ಕೊಡಲು ಹೋದರು. "ಬೀಗಿತ್ತಿ, ನಿದ್ದೆ ಬಂತೇ?" ಎಂದರೆ, "ತಲೆ ಸಿಡಿಯುತ್ತಿದೆ, ವಾಕರಿಕೆ ಬರುತ್ತಿದೆ" ಎಂಬ ಉತ್ತರ. ತಾಯಿಯವರು ಮಾತಾಡದೆ ಬಾಗಿಲು, ಕಿಟಕಿ ಎಲ್ಲ ತೆರೆದು, ನಮ್ಮನ್ನು ಕೂಗಿ ಅವರನ್ನು ಜಗಲಿಗೆ ಕರೆತರಿಸಿದರು. ಡಾಕ್ಟರು ಬಂದು ನೋಡಿ, "ಇನ್ನೆರಡು ಗಂಟೆ ಕಳೆದಿದ್ದರೆ ಹೇಳುವಂತಿರಲಿಲ್ಲ" ಎಂದರು.

"ಹೊಗೆಯೇ ಇರಲಿಲ್ಲವಲ್ಲ ಅಜ್ಜಿ" ಎಂದ ಹುಡುಗ, ಅಳು ನುಂಗಿಕೊಂಡು.

"ಹೊಗೆ ಇದ್ದಿದ್ದರೆ ಕೆಮ್ಮಿ ಎದ್ದಾದರೂ ಬರುತ್ತಿದ್ದರು ಮಗು" ಎಂದರು ನಮ್ಮ ತಾಯಿ.

ಅವರ ಮಾತಿನಲ್ಲಿಯೇ ಎಲ್ಲವೂ ಇದೆ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ತಿಳಿಯುವುದೇ ಇಲ್ಲ. ಮುಚ್ಚಿದ ಬಚ್ಚಲಿನ ಗ್ಯಾಸ್ ಗೀಸರಿನಿಂದಲೂ, ಷಟರ್ ಎಳೆದ ಶೆಡ್ಡಿನಲ್ಲಿ ಬೆಚ್ಚಗಾಗಲೆಂದು ಚಾಲೂ ಇಟ್ಟ ಗಾಡಿಯಿಂದಲೂ ಬರುವುದು ಇದೇ ವಿಷ. ಒಂದೇ ಕೋಣೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಅಜೀರ್ಣವೆಂದು ಕೂರಬಾರದು. ಎಲ್ಲರನ್ನೂ ಬಯಲಿಗೆ ತಂದು ೧೦೮ಕ್ಕೆ ಕರೆ ಮಾಡಬೇಕು.

ಬಂಧುಗಳೇ, ಸಂಜೆಗೇ ಊಟ ಮುಗಿಸುವ ಹಿರಿಯರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಅವರಿಗೆ ಬೇಕಾದದ್ದು ಕೆಂಡವಲ್ಲ. ಸಂಜೆ ಬಿಸಿಬಿಸಿ ಊಟ, ತಲೆಗೆ ಕುಲಾವಿ, ಕಾಲಿಗೆ ಉಣ್ಣೆಯ ಚೀಲ, ಬಟ್ಟೆ ಸುತ್ತಿದ ಬಿಸಿನೀರಿನ ರಬ್ಬರು ಚೀಲ, ಒಂದರ ಮೇಲೊಂದು ಎರಡು ಕಂಬಳಿ. ಬೆಂಕಿ ಕಾಯಿಸಲೇಬೇಕೆಂದರೆ ಜಗಲಿಯಲ್ಲಿ ಕಾಯಿಸಿ, ಆರಿಸಿ, ಆಮೇಲೆ ಒಳಗೆ ಬರಲಿ. ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ. ಅಷ್ಟು ಚಳಿಯನ್ನು ಕಂಬಳಿ ತಡೆಯುತ್ತದೆ.